ಯಾವ ವರ್ಷನ್ ಮಾರಾಯ್ರೆ? ಪ್ರಾಜೆಕ್ಟ್ ಬರೆಯುವವರಿಗೊಂದು ಬಹಿರಂಗ ಪತ್ರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳಲ್ಲಿ ಪ್ರಾಜೆಕ್ಟ್, ಸಮೀಕ್ಷೆ, ಪ್ರಬಂಧ ಎಂದು ತಲೆ ಕೆಡಿಸಿಕೊಂಡಿರುವ ವಿದ್ಯಾರ್ಥಿಗಳಿಗೆ, ಮತ್ತು ಅವುಗಳ ಮೊದಲ ಪುಟಕ್ಕೆ ಸಹಿ ಹಾಕುವ ಅಧ್ಯಾಪಕರಿಗೆ,



ಭತ್ತದ ಮೇಲೆ ಪ್ರಾಜೆಕ್ಟ್ ಮಾಡಿದ ಯಾರೂ "ಗದ್ದೆಯಲ್ಲಿ ಭತ್ತ ನಾಟಿ ಮಾಡಲಾಯಿತು" ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದಿಲ್ಲ. ಎಂಒ-4 ಎಂದು ಬರೆಯುತ್ತೀರಿ, ಜ್ಯೋತಿ ಎಂದು ಬರೆಯುತ್ತೀರಿ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿಯಾದರೆ ಪೂರ್ತಿ ಹೆಸರು ಹಾಕುತ್ತೀರಿ. ಎಂಒ-4 ಹುಟ್ಟಿದ್ದು ಕೇರಳದ ಕುಟ್ಟನಾಡಿನ ಮೊಂಕೊಂಪಿನಲ್ಲಿ, ಅಲ್ಲಿ ಅದನ್ನು ಭದ್ರ ಅನ್ನುತ್ತಾರೆ ಎಂದು ಅಡಿಟಿಪ್ಪಣಿ ಕೊಡುವವರೂ ಇದ್ದಾರೆ. ಬೀಜ ಬೇರೆಯಾದರೆ ಇಳುವರಿ ಬೇರೆ, ಅದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ವರದಿಯ ಮೂರನೆಯ ಅಧ್ಯಾಯದ ಕೊನೆಗೆ ಬಂದರೆ ಮಾತ್ರ ಒಂದು ಬಡಪಾಯಿ ಸಾಲು ಕೂತಿರುತ್ತದೆ: "ದತ್ತಾಂಶವನ್ನು ಎಸ್‌ಪಿಎಸ್‌ಎಸ್ ಬಳಸಿ ವಿಶ್ಲೇಷಿಸಲಾಯಿತು."

ಯಾವ ಎಸ್‌ಪಿಎಸ್‌ಎಸ್, ಯಾವ ವರ್ಷನ್, ಯಾವ ಆಯ್ಕೆ ಒತ್ತಿದ್ದು? ಕೇಳಿದರೆ "ಲ್ಯಾಬಲ್ ಇದ್ದದ್ದ್ ಸರ್" ಎಂಬ ಉತ್ತರ. ಎರಡು ವರ್ಷ ಬಿಟ್ಟು ಅದೇ ಕಡತ ತೆಗೆದು ಅದೇ ಗುಂಡಿ ಒತ್ತಿದಾಗ ಇನ್ನೇನೋ ಸಂಖ್ಯೆ ಬಂದರೆ "ಅವತ್ ಸಮ ಇದ್ದಿತ್, ಈಗ ಎಂತ ಆಯ್ತ್?" ಎಂಬ ಪ್ರಶ್ನೆ. ಈ ಪತ್ರ ಆ ಪ್ರಶ್ನೆಯ ಬಗ್ಗೆ. ನನ್ನ ಕೋರಿಕೆ ಒಂದೇ: ನಿಮ್ಮ ವರದಿಯ ಕೊನೆಯಲ್ಲಿ ಒಂದು ಪುಟ ಖಾಲಿ ಬಿಟ್ಟು, ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ಕಂಪ್ಯೂಟರ್, ಯಾವ ತಾರೀಕು ಎಂದು ಬರೆದಿಡಿ. ಇಷ್ಟಕ್ಕೆ ಇಷ್ಟುದ್ದ ಪತ್ರ ಯಾಕೆ ಎಂದರೆ, "ಬರೆಯಿರಿ" ಎಂದಷ್ಟೇ ಹೇಳಿದರೆ ಯಾರೂ ಬರೆಯುವುದಿಲ್ಲ. ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮದೇ ಊರಿನ ಕೆಲಸಗಳಲ್ಲಿ ತೋರಿಸಬೇಕು.

ಪಂಚಗಂಗಾವಳಿಯಿಂದಲೇ ಶುರು ಮಾಡೋಣ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟ ಸೇರುವ ಆ ಅಳಿವೆಯ ಕಾಂಡ್ಲಾ ಕಾಡು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವರಿಗೆ ಮುಗಿಯದ ವಿಷಯ. ಒಬ್ಬ ವಿದ್ಯಾರ್ಥಿನಿ ಅಲ್ಲಿನ ಒಂದು ದ್ವೀಪವನ್ನು 200 ಚೌಕಗಳಾಗಿ ಗೆರೆ ಎಳೆದು, ಅದರಲ್ಲಿ 20 ಚೌಕಗಳನ್ನು ಯಾದೃಚ್ಛಿಕವಾಗಿ ಆರಿಸಿ ಗಿಡ ಎಣಿಸಿದಳು ಎಂದಿಟ್ಟುಕೊಳ್ಳಿ. ಆರಿಸಲು 'ಆರ್' ಎಂಬ ತಂತ್ರಾಂಶ ಬಳಸಿದಳು. ಚೀಟಿ ಎತ್ತುವ ಮೊದಲು ಬೀಜಸಂಖ್ಯೆ 42 ಎಂದು ಕೊಟ್ಟಳು, ಮುಂದೆ ಯಾರು ಎತ್ತಿದರೂ ಅವೇ ಚೌಕ ಬರಲಿ ಎಂದು. ಶಿಸ್ತಿನ ಹುಡುಗಿ, ಬೀಜಸಂಖ್ಯೆಯನ್ನು ವರದಿಯಲ್ಲೂ ಬರೆದಳು. ಐದು ವರ್ಷದ ನಂತರ ಅವಳ ಜೂನಿಯರ್ ಅದೇ ಚೌಕಗಳಿಗೆ ಮರಳಿ ಹೋಗಿ ಕಾಡು ಹೆಚ್ಚಿತೋ ಇಳಿಯಿತೋ ನೋಡಬೇಕೆಂದು 42 ಕೊಟ್ಟರೆ ಬೇರೆಯೇ 20 ಚೌಕಗಳು ಬರುತ್ತವೆ.

ಕಾರಣ ಇಷ್ಟು. 2019ರ ಏಪ್ರಿಲ್‌ನಲ್ಲಿ ಬಂದ ಆರ್ 3.6.0 ಆವೃತ್ತಿ ಚೀಟಿ ಎತ್ತುವ ಲೆಕ್ಕವನ್ನೇ ಬದಲಾಯಿಸಿತು. ಹಳೆಯ ಕ್ರಮದಲ್ಲಿ, ಗುಂಪು ತೀರಾ ದೊಡ್ಡದಾದಾಗ, ಎಲ್ಲ ಚೀಟಿಗಳಿಗೂ ಸರಿಸಮ ಅವಕಾಶ ಸಿಗುತ್ತಿರಲಿಲ್ಲ. ಅದನ್ನು ತಿದ್ದಿದರು. ತಿದ್ದಿದ್ದು ಸರಿ. ಆದರೆ ಅಂದಿನಿಂದ ಹಳೆಯ 42ಕ್ಕೂ ಹೊಸ 42ಕ್ಕೂ ಸಂಬಂಧ ತಪ್ಪಿತು. ಇಲ್ಲಿ ನನಗೆ ಇಷ್ಟವಾದ ಸಂಗತಿಯೆಂದರೆ, ಹೊಸ ಆರ್‌ನಲ್ಲೂ ಹಳೆಯ ಕ್ರಮದಲ್ಲೇ ಚೀಟಿ ಎತ್ತು ಎಂದು ಹೇಳುವ ಒಂದು ಸಾಲಿನ ಆದೇಶವಿದೆ. ಅಂದರೆ ವರದಿಯಲ್ಲಿ "ಆರ್ 3.5.1" ಎಂದು ಬರೆದಿದ್ದರೆ ಜೂನಿಯರ್‌ಗೆ ಎರಡು ನಿಮಿಷದ ಕೆಲಸ. ಬರೆಯದಿದ್ದರೆ ಅವನು ಸೀನಿಯರ್‌ನ ಪ್ರಾಮಾಣಿಕತೆಯನ್ನೇ ಸಂಶಯಿಸಬೇಕಾಗುತ್ತದೆ. ಮರುವರ್ಷ, 2020ರ ಏಪ್ರಿಲ್‌ನ ಆರ್ 4.0.0, ಪಠ್ಯವಿರುವ ಕಾಲಮ್ಮುಗಳನ್ನು ತಾನಾಗಿಯೇ ವರ್ಗಗಳಾಗಿ ಪರಿವರ್ತಿಸುವ ಹಳೆಯ ಚಟವನ್ನೂ ಬಿಟ್ಟಿತು. ಅದಕ್ಕೆ ಮುಂಚೆ ಬರೆದ ಎಷ್ಟೋ ಸ್ಕ್ರಿಪ್ಟುಗಳು ಆಮೇಲೆ ಮುಗ್ಗರಿಸಿದವು. ಮುಗ್ಗರಿಸಿದರೆ ಒಳ್ಳೆಯದೇ, ಗೊತ್ತಾಗುತ್ತದೆ. ಮುಗ್ಗರಿಸದೆ ಬೇರೆ ಉತ್ತರ ಕೊಟ್ಟು ಸುಮ್ಮನಿರುವುದು ಅಪಾಯ.

ಅದೇ ಕಾಡನ್ನು ಮೇಲಿನಿಂದ ನೋಡುವವರ ಪಾಡು ಇನ್ನೂ ವಿಚಿತ್ರ. ಭೂಗೋಳದವರೂ ಪರಿಸರ ವಿಜ್ಞಾನದವರೂ ಈಗ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಪುಕ್ಕಟೆ ಇಳಿಸಿಕೊಂಡು ಎನ್‌ಡಿವಿಐ ತೆಗೆಯುತ್ತೀರಿ. ಅತಿಕೆಂಪು ಪಟ್ಟಿಯಿಂದ ಕೆಂಪು ಪಟ್ಟಿ ಕಳೆದು, ಎರಡರ ಮೊತ್ತದಿಂದ ಭಾಗಿಸುವ ಸರಳ ಲೆಕ್ಕ. ಒಂದರ ಹತ್ತಿರ ಬಂದಷ್ಟೂ ಹಸಿರು ದಟ್ಟ. ಕಾಂಡ್ಲಾದ ಒಂದು ಬಿಂದುವಿನಲ್ಲಿ ಅತಿಕೆಂಪು 3000, ಕೆಂಪು 500 ಇದೆ ಎನ್ನಿ. 2500ನ್ನು 3500ರಿಂದ ಭಾಗಿಸಿದರೆ 0.71, ಸಮೃದ್ಧ ಕಾಡು. 2022ರ ಜನವರಿ 25ರಿಂದ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ತನ್ನ ಸಂಸ್ಕರಣೆಯ 04.00 ಆವೃತ್ತಿಗೆ ಬದಲಾಯಿತು, ಮತ್ತು ತಾಂತ್ರಿಕ ಕಾರಣಕ್ಕಾಗಿ ಎಲ್ಲ ಬಿಂದುಗಳ ಸಂಖ್ಯೆಗೂ 1000 ಸೇರಿಸಿ ಕೊಡತೊಡಗಿತು. ಬಳಸುವವರು ಅದನ್ನು ಕಳೆದುಕೊಳ್ಳಬೇಕು. ಕಳೆಯದೆ ಅದೇ ಲೆಕ್ಕ ಮಾಡಿದರೆ? ಅತಿಕೆಂಪು 4000, ಕೆಂಪು 1500. 2500ನ್ನು 5500ರಿಂದ ಭಾಗಿಸಿದರೆ 0.45.

ಒಂದು ಎಲೆಯೂ ಉದುರಿಲ್ಲ, ಆದರೆ ನಿಮ್ಮ ನಕ್ಷೆಯಲ್ಲಿ ಕುಂದಾಪುರದ ಕಾಂಡ್ಲಾ ಕಾಡು 2022ರ ಜನವರಿಯ ಕೊನೆಯ ವಾರದಲ್ಲಿ ಒಣಗಿ ಹೋಗಿದೆ. ಇದನ್ನು ನೋಡಿ ಸಿಗಡಿ ಕೆರೆಗಳ ಮೇಲೋ, ಅಣೆಕಟ್ಟಿನ ಮೇಲೋ, ಹವಾಮಾನದ ಮೇಲೋ ತಪ್ಪು ಹೊರಿಸಿ ಒಂದು ಅಧ್ಯಾಯ ಬರೆಯಲು ಯಾವ ಅಡ್ಡಿಯೂ ಇಲ್ಲ. ಪತ್ರಿಕೆಯಲ್ಲೂ ಬಂದೀತು. ಇನ್ನೊಂದು ತೊಡಕೂ ಇದೆ: ಸಂಸ್ಥೆ ಆಮೇಲೆ ಹಳೆಯ ವರ್ಷಗಳ ಚಿತ್ರಗಳನ್ನೂ ಹೊಸ ಕ್ರಮದಲ್ಲಿ ಮರುಸಂಸ್ಕರಿಸಿತು. ಹಾಗಾಗಿ 2018ರ ಒಂದೇ ದಿನದ ಚಿತ್ರ ನಿಮ್ಮ ಬಳಿ ಒಂದು ಬಗೆ, ನಿಮ್ಮ ಗೆಳೆಯನ ಬಳಿ ಇನ್ನೊಂದು ಬಗೆ ಇರಬಹುದು. "2018ರ ಚಿತ್ರ ಬಳಸಿದ್ದೇವೆ" ಎಂಬ ಸಾಲಿಗೆ ಅರ್ಥವೇ ಉಳಿಯುವುದಿಲ್ಲ. ಪರಿಹಾರ ಕಡತದ ಹೆಸರಿನಲ್ಲೇ ಇದೆ. ಮಧ್ಯದಲ್ಲಿ 'ಎನ್' ಅಕ್ಷರದ ಮುಂದೆ ನಾಲ್ಕು ಅಂಕಿಗಳಿರುತ್ತವೆ, 0400, 0500 ಎಂಬಂತೆ. ಅದೇ ಸಂಸ್ಕರಣೆಯ ಆವೃತ್ತಿ. ಹೆಸರು ಉದ್ದವಾಯಿತೆಂದು ಇಳಿಸಿಕೊಂಡ ಕೂಡಲೇ ಕಡತಕ್ಕೆ "ಕುಂದಾಪುರ ಫೈನಲ್ 2" ಎಂದು ಮರುನಾಮಕರಣ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಲ್ಯಾಂಡ್‌ಸ್ಯಾಟ್ ಬಳಸುವವರಿಗೂ ಇದೇ ಮಾತು. ಅಮೆರಿಕದವರು 2020ರ ಡಿಸೆಂಬರಿನಲ್ಲಿ ಕಲೆಕ್ಷನ್ 2 ಹೊರತಂದರು, 2022ರ ಕೊನೆಗೆ ಕಲೆಕ್ಷನ್ 1ನ್ನು ಹಿಂತೆಗೆದುಕೊಂಡರು. ಎರಡರಲ್ಲೂ ಸಂಖ್ಯೆಯಿಂದ ಪ್ರತಿಫಲನಕ್ಕೆ ಬರುವ ಸೂತ್ರ ಬೇರೆ. ಮರವಂತೆಯ ಕಡಲ್ಕೊರೆತ ಅಳೆಯಲು ಡಿಎಸ್‌ಎಎಸ್ ಬಳಸಿದವರು ಐದನೆಯ ಆವೃತ್ತಿಯೋ ಆರನೆಯದೋ ಹೇಳಿ. ಮೊದಲನೆಯದು ಆರ್ಕ್‌ಜಿಐಎಸ್‌ನ ಒಳಗೇ ಓಡುತ್ತಿತ್ತು, ಎರಡನೆಯದು ತಾನೇ ಬೇರೆ ನಿಂತಿದೆ.

ತಂತ್ರಾಂಶಕ್ಕೆ ಮಾತ್ರ ಆವೃತ್ತಿ ಇರುವುದು ಎಂದು ತಿಳಿಯಬೇಡಿ. ನಮ್ಮ ತಾಲ್ಲೂಕುಗಳಿಗೂ ಇದೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಗೆ ಇದ್ದದ್ದು ಮೂರೇ ತಾಲ್ಲೂಕು: ಉಡುಪಿ, ಕುಂದಾಪುರ, ಕಾರ್ಕಳ. 2018ರಲ್ಲಿ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ಒಡೆದು ಬಂದವು. ಕಾಪು, ಹೆಬ್ರಿಯೂ ಸೇರಿ ಈಗ ಏಳು. ಹಾಗಾಗಿ "ಕುಂದಾಪುರ ತಾಲ್ಲೂಕಿನ ಸಾಕ್ಷರತೆ", "ಕುಂದಾಪುರ ತಾಲ್ಲೂಕಿನ ಗೇರು ವಿಸ್ತೀರ್ಣ" ಎಂದಾಗ ಯಾವ ಕುಂದಾಪುರ? ಶಿರೂರಿನ ತನಕ ಇದ್ದ ಹಳೆಯದೋ, ಈಗಿನದೋ? ಜನಗಣತಿಯ ಗ್ರಾಮ ಸಂಕೇತಗಳು 2011ರವು, ಕ್ಯುಜಿಐಎಸ್‌ನಲ್ಲಿ ತೆರೆದ ಗಡಿನಕ್ಷೆ 2018ರ ನಂತರದ್ದು. ಎರಡನ್ನೂ ಹೊಲಿದರೆ ಅರ್ಧ ತಾಲ್ಲೂಕಿಗೆ ಜನಸಂಖ್ಯೆ ಇರುತ್ತದೆ, ಉಳಿದರ್ಧ ಬಿಳಿ. ನಕ್ಷೆಯ ಕಡತ ಎಲ್ಲಿಂದ, ಯಾವ ದಿನ ಇಳಿಸಿಕೊಂಡದ್ದು ಎಂಬುದೂ ನಾನು ಕೇಳುತ್ತಿರುವ ಪುಟದಲ್ಲಿ ಇರಬೇಕು.

ಮಳೆಗೂ ಅಷ್ಟೇ. ಹವಾಮಾನ ಇಲಾಖೆ ಹೇಳುವ "ವಾಡಿಕೆ" ಎಂದರೆ ಐವತ್ತು ವರ್ಷಗಳ ಸರಾಸರಿ. ದೇಶದ ಮುಂಗಾರಿನ ವಾಡಿಕೆ 1961ರಿಂದ 2010ರ ಲೆಕ್ಕದಲ್ಲಿ 880.6 ಮಿ.ಮೀ. ಇತ್ತು. 2022ರಲ್ಲಿ ಅದನ್ನು 1971ರಿಂದ 2020ಕ್ಕೆ ಸರಿಸಿದಾಗ 868.6 ಮಿ.ಮೀ. ಆಯಿತು. ಒಂದು ವರ್ಷ 870 ಮಿ.ಮೀ. ಬಿದ್ದರೆ ಹಳೆಯ ವಾಡಿಕೆಗೆ ಕೊರತೆ, ಹೊಸದಕ್ಕೆ ಕೂದಲೆಳೆಯಷ್ಟು ಹೆಚ್ಚು. ಆಕಾಶದಿಂದ ಬಿದ್ದ ನೀರು ಅಷ್ಟೇ.

ಕೃಷಿ ಪ್ರಯೋಗ ಮಾಡುವವರಿಗೆ ಒಂದು ಸೂಕ್ಷ್ಮ ಹೇಳಬೇಕು, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ನಾಲ್ಕು ತಳಿ, ಐದು ಬ್ಲಾಕು, ಇಪ್ಪತ್ತು ತಾಕು ಎಂದು ಅಚ್ಚುಕಟ್ಟಾಗಿ ಹಾಕಿದ ಪ್ರಯೋಗದಲ್ಲಿ ಜುಲೈ ನೆರೆಗೆ ಎರಡು ತಾಕು ಕೊಳೆತು ಹೋದರೆ ಉಳಿದ ಹದಿನೆಂಟರ ಲೆಕ್ಕ ಸಮತೋಲ ತಪ್ಪುತ್ತದೆ. ಅಂಥ ದತ್ತಾಂಶಕ್ಕೆ ಎಸ್‌ಪಿಎಸ್‌ಎಸ್ ತಾನಾಗಿ ಮೂರನೆಯ ಬಗೆಯ ವರ್ಗಮೊತ್ತ ತೆಗೆಯುತ್ತದೆ, ಆರ್ ತಾನಾಗಿ ಒಂದನೆಯ ಬಗೆ ತೆಗೆಯುತ್ತದೆ. ಒಂದನೆಯ ಬಗೆಯಲ್ಲಿ ನೀವು ತಳಿಯನ್ನು ಮೊದಲು ಬರೆದಿರೋ ಬ್ಲಾಕನ್ನು ಮೊದಲು ಬರೆದಿರೋ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಇಪ್ಪತ್ತೂ ತಾಕು ಉಳಿದ ವರ್ಷ ಇದಾವುದೂ ಕಾಣುವುದಿಲ್ಲ, ಎಲ್ಲವೂ ಒಂದೇ ಉತ್ತರ ಕೊಡುತ್ತವೆ. ನೆರೆ ಬಂದ ವರ್ಷವೇ ಕಾಣುವುದು. ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಆದರೆ ಯಾವ ದಾರಿಯಲ್ಲಿ ಬಂದಿರಿ ಎಂದು ಹೇಳದಿದ್ದರೆ "ತಳಿಗಳ ನಡುವೆ ಅರ್ಥಪೂರ್ಣ ವ್ಯತ್ಯಾಸವಿದೆ" ಎಂಬ ವಾಕ್ಯವನ್ನು ಪಕ್ಕದವನು ಪರೀಕ್ಷಿಸುವಂತಿಲ್ಲ.

ಇದಕ್ಕಿಂತ ಚಿಕ್ಕ ಲೆಕ್ಕದಲ್ಲೂ ಜಗಳವಿದೆ. 10, 20, 30, 40 ಈ ನಾಲ್ಕು ಸಂಖ್ಯೆಗಳ ಮೊದಲ ಚತುರ್ಥಕ ಎಷ್ಟು? ಆರ್ ಕೊಡುವುದು 17.5. ಎಸ್‌ಪಿಎಸ್‌ಎಸ್ 12.5. ಎಕ್ಸೆಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಸೂತ್ರವೇ ಇದೆ. ಆರ್‌ನ ಕೈಪಿಡಿ ಒಂಬತ್ತು ಬಗೆಗಳನ್ನು ಪಟ್ಟಿ ಮಾಡಿದೆ. ಎಲ್ಲವೂ ಶಾಸ್ತ್ರಸಮ್ಮತ.

ಗಂಗೊಳ್ಳಿ ಬಂದರಿನಲ್ಲಿ ಬಂಗುಡೆ, ಬೂತಾಯಿಯ ಉದ್ದ ಅಳೆದು ಬೆಳವಣಿಗೆಯ ದರ ತೆಗೆಯುವವರು ಹಿಂದೆಲ್ಲ ಫಿಸ್ಯಾಟ್ ಬಳಸುತ್ತಿದ್ದರು, ಈಗ ಆರ್‌ನ ಟ್ರಾಪ್‌ಫಿಶ್‌ಆರ್ ಕಡೆಗೆ ಹೋಗಿದ್ದಾರೆ. ಹೊಸದರಲ್ಲಿ ಉತ್ತರ ಹುಡುಕುವ ಕೆಲವು ವಿಧಾನಗಳು ಯಾದೃಚ್ಛಿಕವಾಗಿ ಶುರುವಾಗಿ ಸುಧಾರಿಸಿಕೊಳ್ಳುತ್ತ ಹೋಗುವವು. ಬೀಜಸಂಖ್ಯೆ ಕೊಡದೆ ಓಡಿಸಿದರೆ ಬೆಳಿಗ್ಗೆ ಒಂದು ದರ, ಸಂಜೆ ಇನ್ನೊಂದು. ಬೆಳಿಗ್ಗೆಯದು ಚೆನ್ನಾಗಿದೆ ಎಂದು ಅದನ್ನೇ ಇಟ್ಟುಕೊಳ್ಳುವವರನ್ನು ನೋಡಿ ನನಗೆ ಸಿಟ್ಟು ಬರುವುದಿಲ್ಲ, ಹೆದರಿಕೆಯಾಗುತ್ತದೆ.

ಕಲಾ ವಿಭಾಗದವರು ಇಷ್ಟರಲ್ಲಿ ಪತ್ರ ಮಡಚಿಡಲು ಹೊರಟಿರಬಹುದು. ನಿಲ್ಲಿ, ನಿಮ್ಮ ಪಾಲು ಈಗ. ಕುಂದಾಪ್ರ ಕನ್ನಡದ ಪದಗಳನ್ನು, ಗಾದೆಗಳನ್ನು, ಬಡಗುತಿಟ್ಟಿನ ಪ್ರಸಂಗಗಳನ್ನು ಕಂಪ್ಯೂಟರಿಗೆ ಏರಿಸಿ ಎಣಿಸುವ ಕೆಲಸ ನಡೆಯುತ್ತಿದೆ, ನಡೆಯಬೇಕು. ಹಳೆಯ ಕಡತಗಳು ಬಹುತೇಕ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿವೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಹಲವು, ಒಂದೊಂದಕ್ಕೂ ಅದರದ್ದೇ ಕುಂದು. ಅರ್ಕಾವತ್ತು ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿ ಕೂರುವುದನ್ನು ನೀವೂ ಕಂಡಿದ್ದೀರಿ. ಯಾವ ಪರಿವರ್ತಕ ಎಂದು ಬರೆಯದಿದ್ದರೆ ಆ ತಪ್ಪು ಭಾಷಿಕರದ್ದೋ, ಟೈಪ್ ಮಾಡಿದವರದ್ದೋ, ಯಂತ್ರದ್ದೋ ತಿಳಿಯುವುದು ಹೇಗೆ?

ಯೂನಿಕೋಡ್ ಆದ ಮೇಲೂ ಮುಗಿಯುವುದಿಲ್ಲ. "ಕೋಟ" ಎಂದು ಬರೆಯಿರಿ. ಅದರ ಮೊದಲ ಅಕ್ಷರದ ಓಕಾರವನ್ನು ಕಂಪ್ಯೂಟರ್ ಒಂದೇ ಸಂಕೇತವಾಗಿಯೂ ಇಟ್ಟುಕೊಳ್ಳಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಟ್ಟುಕೊಳ್ಳಬಹುದು. ತೆರೆಯ ಮೇಲೆ ಎರಡೂ ಒಂದೇ ಕೋಟ. ಎಣಿಸಲು ಬರೆದ ಸಣ್ಣ ಪೈಥಾನ್ ಪ್ರೋಗ್ರಾಮಿಗೆ ಮಾತ್ರ ಎರಡು ಬೇರೆ ಊರು. ಕೊಲ್ಲೂರು, ಕೋಟೇಶ್ವರ, ಗಂಗೊಳ್ಳಿ ಎಲ್ಲಕ್ಕೂ ಇದೇ ಕಥೆ. ಎಣಿಕೆಯ ಮೊದಲು ಎರಡನ್ನೂ ಒಂದು ರೂಪಕ್ಕೆ ತಂದಿರೋ ಇಲ್ಲವೋ, ತಂದಿದ್ದರೆ ಯಾವ ಸಾಧನದಿಂದ ಎಂಬುದು ನಿಮ್ಮ ಪದಪಟ್ಟಿಯ ಮುನ್ನುಡಿಯಲ್ಲಿ ಇರಬೇಕಾದ ಮಾತು.

ನಿಮಗಂತೂ ಇದು ಹೊಸ ಶಿಸ್ತೇ ಅಲ್ಲ. ಹಳಗನ್ನಡ ಕಾವ್ಯದ ಶಾಸ್ತ್ರೀಯ ಮುದ್ರಣ ತೆರೆದರೆ ಮೊದಲು ಸಿಗುವುದೇ ಓಲೆಪ್ರತಿಗಳ ವಿವರ. ಕ ಪ್ರತಿ ಎಲ್ಲಿಯದು, ಖ ಪ್ರತಿಯಲ್ಲಿ ಎಷ್ಟು ಗರಿ ಹಾಳಾಗಿದೆ, ಗ ಪ್ರತಿಯ ಲಿಪಿಕಾರ ಎಂಥವನು. ಆಮೇಲೆ ಪ್ರತಿ ಪುಟದ ಅಡಿಯಲ್ಲಿ ಪಾಠಾಂತರಗಳು. ಡಿ. ಎಲ್. ನರಸಿಂಹಾಚಾರ್ 'ಕನ್ನಡ ಗ್ರಂಥಸಂಪಾದನೆ'ಯಲ್ಲಿ ಈ ವಿದ್ಯೆಯನ್ನು ಶಾಸ್ತ್ರವಾಗಿಯೇ ಬರೆದಿಟ್ಟರು. ಸಂಪಾದಕ ಆರಿಸಿದ ಪಾಠವನ್ನು ಒಪ್ಪದ ಓದುಗನೂ ಆ ಟಿಪ್ಪಣಿಗಳಿಂದಲೇ ಬೇರೆ ಪಾಠ ಕಟ್ಟಿಕೊಳ್ಳಬಹುದು. ವಿಜ್ಞಾನದ ವಿದ್ಯಾರ್ಥಿಗಳು ಕನ್ನಡ ವಿಭಾಗದ ಕಪಾಟಿನಿಂದ ಅಂಥದೊಂದು ಪುಸ್ತಕ ತೆಗೆದು ಮೊದಲ ಇಪ್ಪತ್ತು ಪುಟ ತಿರುವಿ ನೋಡುವುದು ಒಳ್ಳೆಯದು.

ಎಕ್ಸೆಲ್ ಬಗ್ಗೆ ಹೇಳದಿದ್ದರೆ ಪತ್ರ ಪೂರ್ತಿಯಾಗದು, ಯಾಕೆಂದರೆ ನಿಮ್ಮಲ್ಲಿ ಮುಕ್ಕಾಲು ಮಂದಿಯ ಲೆಕ್ಕ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಪಹಣಿಯಿಂದ ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಭಾರತದ ಸೆಟ್ಟಿಂಗ್ ಇದ್ದರೆ ಅದು ಮಾರ್ಚ್ 12 ಆಗುತ್ತದೆ, ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ಒಳಗೆ ಹಿಸ್ಸಾ ಸಂಖ್ಯೆ ಅಳಿಸಿ ಹೋಗಿ ದಿನಗಳ ಎಣಿಕೆ ಕೂತಿರುತ್ತದೆ. ಇದು ಹಳ್ಳಿ ಸಮೀಕ್ಷೆಯ ಗೋಳು ಮಾತ್ರವಲ್ಲ. ಮನುಷ್ಯನ ಕೆಲವು ವಂಶವಾಹಿಗಳ ಹೆಸರುಗಳನ್ನು ಎಕ್ಸೆಲ್ ಸೆಪ್ಟೆಂಬರ್, ಮಾರ್ಚ್ ಎಂದು ತಾರೀಕು ಮಾಡಿಬಿಡುತ್ತದೆಂದು 2020ರಲ್ಲಿ ಆ ವಂಶವಾಹಿಗಳ ಹೆಸರನ್ನೇ ಬದಲಿಸಿದರು. ಸಾಫ್ಟ್‌ವೇರ್ ತಿದ್ದುವುದಕ್ಕಿಂತ ವಿಜ್ಞಾನದ ಹೆಸರು ತಿದ್ದುವುದು ಸುಲಭವಾಯಿತು! ಅದೇ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ 15,841 ಕೋವಿಡ್ ಪ್ರಕರಣಗಳು ಕೆಲವು ದಿನ ಲೆಕ್ಕದಿಂದಲೇ ಕಾಣೆಯಾದವು. ಕಾರಣ, ಹಳೆಯ ಎಕ್ಸೆಲ್ ರೂಪದ ಕಡತ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ, ಹೊಸದು ಹತ್ತು ಲಕ್ಷಕ್ಕೂ ಮೀರಿ ಹಿಡಿಯುತ್ತದೆ. ಕಡತದ ಬಾಲದಲ್ಲಿ ಒಂದು ಅಕ್ಷರದ ವ್ಯತ್ಯಾಸ.

ಆವೃತ್ತಿಯ ಸಂಖ್ಯೆಯೊಂದೇ ಸಾಕೇ, ಕಂಪ್ಯೂಟರಿನ ವಿವರ ಯಾಕೆ ಎನ್ನುವವರಿಗೆ ಹವಾಯಿ ವಿಶ್ವವಿದ್ಯಾಲಯದ ಕಥೆ. ರಾಸಾಯನಿಕಗಳ ರಚನೆ ಲೆಕ್ಕ ಹಾಕಲು 2014ರಲ್ಲಿ ಪ್ರಕಟವಾದ ಒಂದು ಪೈಥಾನ್ ಸ್ಕ್ರಿಪ್ಟ್ ಇತ್ತು, ನೂರಕ್ಕೂ ಹೆಚ್ಚು ಪ್ರಬಂಧಗಳವರು ಅದನ್ನು ನಂಬಿದ್ದರು. 2019ರಲ್ಲಿ ಅಲ್ಲಿನ ರಸಾಯನಶಾಸ್ತ್ರಜ್ಞರು ಅದನ್ನು ವಿಂಡೋಸ್, ಮ್ಯಾಕ್, ಉಬುಂಟುಗಳಲ್ಲಿ ಓಡಿಸಿ ನೋಡಿದರೆ ಒಂದೇ ದತ್ತಾಂಶಕ್ಕೆ ಬೇರೆ ಬೇರೆ ಉತ್ತರ. ಫೋಲ್ಡರಿನಲ್ಲಿರುವ ಕಡತಗಳನ್ನು ಯಾವ ಕ್ರಮದಲ್ಲಿ ಕೊಡಬೇಕು ಎಂಬುದು ಆಪರೇಟಿಂಗ್ ಸಿಸ್ಟಂನ ಮರ್ಜಿ. ಸ್ಕ್ರಿಪ್ಟ್ ಬರೆದವರು ಅದು ಅಕ್ಷರಾನುಕ್ರಮದಲ್ಲೇ ಬರುತ್ತದೆಂದು ಎಣಿಸಿದ್ದರು. ಆವೃತ್ತಿಯ ಪೆಟ್ಟೂ ಸಣ್ಣದಲ್ಲ: ಮಿದುಳಿನ ಸ್ಕ್ಯಾನ್ ಅಳೆಯುವ ಫ್ರೀಸರ್ಫರ್ ಎಂಬ ತಂತ್ರಾಂಶದ ಮೂರು ಆವೃತ್ತಿಗಳನ್ನು 2012ರಲ್ಲಿ ಹೋಲಿಸಿದವರು, ಒಂದೇ ಮಿದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ ಶೇ 8.8ರಷ್ಟು ವ್ಯತ್ಯಾಸ ಕಂಡರು.

"ನಮ್ಮದು ಬಿಎಸ್ಸಿ ಪ್ರಾಜೆಕ್ಟ್ ಸರ್, ಯಾರ್ ಕಾಂತ್ರ್?" ಎನ್ನುತ್ತೀರಿ. ಕಾಣುತ್ತಾರೆ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗೆಗೆ ಹೋಗಿ ದೇಶಕ್ಕೆಲ್ಲ ಸಿಗುತ್ತವೆ, ಪದವಿಯ ವರದಿಗಳು ಕಾಲೇಜಿನ ಕಪಾಟಿನಲ್ಲಿ ಉಳಿಯುತ್ತವೆ, ನಿಜ. ಆದರೆ ಒಂದು ಊರಿನ ಬಾವಿಗಳ ಉಪ್ಪಿನಂಶವನ್ನೋ, ಒಂದು ಹೊಳೆಯ ಕಪ್ಪೆಚಿಪ್ಪನ್ನೋ ವರ್ಷ ಹಿಡಿದು ಅಳೆದ ದಾಖಲೆ ಆ ಕಪಾಟಿನಲ್ಲಿ ಮಾತ್ರ ಸಿಗುತ್ತದೆ. ದೊಡ್ಡ ಸಂಸ್ಥೆಗಳು ನಮ್ಮ ಹೊಳೆಗೆ ಬರುವುದಿಲ್ಲ. 2016ರಲ್ಲಿ 'ನೇಚರ್' ಪತ್ರಿಕೆ 1,576 ಸಂಶೋಧಕರನ್ನು ಕೇಳಿದಾಗ, ಬೇರೆಯವರ ಪ್ರಯೋಗ ಮತ್ತೆ ಮಾಡಲು ಹೋಗಿ ಸೋತವರು ಶೇ 70ಕ್ಕೂ ಹೆಚ್ಚು; ತಮ್ಮದೇ ಪ್ರಯೋಗ ಮತ್ತೆ ಮಾಡಲಾಗದವರು ಅರ್ಧಕ್ಕಿಂತ ಹೆಚ್ಚು. ಅವರೆಲ್ಲ ಪಗಾರ ತೆಗೆದುಕೊಳ್ಳುವ ವಿಜ್ಞಾನಿಗಳು.

ಆವೃತ್ತಿ ಬರೆಯದಿರುವುದಕ್ಕೆ ಯಾರೂ ಹೇಳದ ಕಾರಣ ಒಂದಿದೆ. ಲ್ಯಾಬಿನ ಎಸ್‌ಪಿಎಸ್‌ಎಸ್ ಪೆನ್‌ಡ್ರೈವಿನಲ್ಲಿ ಬಂದದ್ದು, ಬೀಗ ಒಡೆದದ್ದು. ಬರೆದರೆ ಕಳ್ಳಮಾಲು ಒಪ್ಪಿಕೊಂಡಂತೆ. ಇದಕ್ಕೆ ಬೈಯುವ ಬದಲು ದಾರಿ ಹೇಳುತ್ತೇನೆ: ಆರ್, ಪೈಥಾನ್, ಕ್ಯುಜಿಐಎಸ್, ಲಿಬ್ರೆಆಫೀಸ್, ಎಸ್‌ಪಿಎಸ್‌ಎಸ್‌ನಂತೆಯೇ ಕಾಣುವ ಪಿಎಸ್‌ಪಿಪಿ, ಎಲ್ಲವೂ ಪುಕ್ಕಟೆ, ಎಲ್ಲವೂ ನ್ಯಾಯಬದ್ಧ. ಪಕ್ಕದ ಕೇರಳ, ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ, ಸರ್ಕಾರಿ ಶಾಲೆಗಳನ್ನೇ ಮುಕ್ತ ತಂತ್ರಾಂಶದ ಮೇಲೆ ನಡೆಸುತ್ತಿದೆ. ಮುಕ್ತ ತಂತ್ರಾಂಶದ ಇನ್ನೊಂದು ಲಾಭ ಹಳೆಯ ಆವೃತ್ತಿಗಳು ಉಳಿದಿರುವುದು. ಆರ್‌ನ ಹಿಂದಿನ ಆವೃತ್ತಿಗಳನ್ನು ಅದರ ಭಂಡಾರದಿಂದ ಇವತ್ತೂ ಇಳಿಸಿಕೊಳ್ಳಬಹುದು.

ಕೃಷಿ ವಿದ್ಯಾರ್ಥಿಗಳು ಬಳಸುವ ಜಾಲತಾಣದ ಲೆಕ್ಕಯಂತ್ರಗಳು, ಅಂದರೆ ಗೋವಾದ ಐಸಿಎಆರ್ ಸಂಸ್ಥೆಯ ವಾಸ್ಪ್, ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟ್ಯಾಟ್, ಕೇರಳ ಕೃಷಿ ವಿಶ್ವವಿದ್ಯಾಲಯದ ಗ್ರೇಪ್ಸ್, ತುಂಬ ಉಪಕಾರಿ. ಅವುಗಳ ಆವೃತ್ತಿ ನಿಮ್ಮ ಕೈಯಲ್ಲಿಲ್ಲ. ಅಲ್ಲಿ ಬದಲಾದರೆ ಇಲ್ಲಿ ಗೊತ್ತಾಗುವುದಿಲ್ಲ. ಬಳಸಿದ ತಾರೀಕು ಬರೆದು, ಬಂದ ಉತ್ತರದ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳುವುದೊಂದೇ ಉಪಾಯ. ಕೃತಕ ಬುದ್ಧಿಮತ್ತೆಯ ಚಾಟ್ ಯಂತ್ರಗಳಿಗೆ ಲೆಕ್ಕ ಒಪ್ಪಿಸುವವರಿಗೆ ಇದು ಇಮ್ಮಡಿ ಅನ್ವಯ. ಅಲ್ಲಿ ಇವತ್ತಿನ ಪ್ರಶ್ನೆಗೆ ಇವತ್ತೇ ಎರಡು ಉತ್ತರ ಬರಬಹುದು. ಲೆಕ್ಕ ಕೇಳಬೇಡಿ, ಲೆಕ್ಕ ಮಾಡುವ ಸ್ಕ್ರಿಪ್ಟ್ ಕೇಳಿ, ಅದನ್ನು ಓದಿ ಅರ್ಥಮಾಡಿಕೊಂಡು ನಿಮ್ಮ ಯಂತ್ರದಲ್ಲಿ ಓಡಿಸಿ.

ಆ ಒಂದು ಪುಟ ಹೇಗಿರಬೇಕು? ಹೆಚ್ಚೇನಿಲ್ಲ. ವಿಂಡೋಸ್ 10, 64 ಬಿಟ್. ಆರ್ 4.3.1, ಬಳಸಿದ ಪ್ಯಾಕೇಜುಗಳು ಇಂತಿಂಥವು, ಅವುಗಳ ಸಂಖ್ಯೆ ಇಂತಿಂಥದು. ಬೀಜಸಂಖ್ಯೆ 42. ಕ್ಯುಜಿಐಎಸ್ 3.28. ಸೆಂಟಿನೆಲ್-2 ಲೆವೆಲ್-2ಎ ಚಿತ್ರ, ಸಂಸ್ಕರಣೆ 05.00, ಇಳಿಸಿದ್ದು ಇಂಥ ದಿನ. ಗಡಿನಕ್ಷೆ 2018ರ ನಂತರದ್ದು. ಕಾಣೆಯಾದ ಎರಡು ತಾಕುಗಳನ್ನು ಹೀಗೆ ನಿಭಾಯಿಸಿದೆ. ಆರ್‌ನಲ್ಲಿ ಸೆಷನ್‌ಇನ್ಫೋ ಎಂಬ ಒಂದು ಆದೇಶ ಇದರ ಮುಕ್ಕಾಲು ಪಾಲನ್ನು ತಾನೇ ಬರೆದುಕೊಡುತ್ತದೆ. ಪೈಥಾನ್‌ನಲ್ಲಿ ಪಿಪ್ ಫ್ರೀಜ್. ಎಸ್‌ಪಿಎಸ್‌ಎಸ್, ಕ್ಯುಜಿಐಎಸ್‌ಗಳಲ್ಲಿ ಹೆಲ್ಪ್ ಮೆನುವಿನ ಅಬೌಟ್, ಎಕ್ಸೆಲ್‌ನಲ್ಲಿ ಫೈಲ್ ಮೆನುವಿನ ಅಕೌಂಟ್. ಡಾಕರ್, ಕಾಂಡ ಎಂದು ಇಡೀ ಕಂಪ್ಯೂಟರಿನ ಪರಿಸರವನ್ನೇ ಪೊಟ್ಟಣ ಕಟ್ಟಿಡುವ ವಿದ್ಯೆಗಳೂ ಇವೆ. ಪಿಎಚ್‌ಡಿ ಮಾಡುವವರು ಕಲಿಯಲಿ. ಪದವಿಯವರ ಮೇಲೆ ಅದನ್ನು ಹೇರಿದರೆ ಪುಟ ಬರೆಯುವುದನ್ನೂ ಬಿಟ್ಟಾರು ಎಂದು ನನ್ನ ಅಂದಾಜು. ದತ್ತಾಂಶ, ಸ್ಕ್ರಿಪ್ಟ್, ಈ ಪುಟ ಮೂರನ್ನೂ ಜೆನೋಡೋದಲ್ಲಿ ಹಾಕಿದರೆ ಇನ್ನೂ ಚೆನ್ನ. ಯುರೋಪಿನ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಪುಕ್ಕಟೆ ಭಂಡಾರ ಅದು. ಪ್ರತಿ ಆವೃತ್ತಿಗೂ ಬೇರೆ ಶಾಶ್ವತ ಸಂಖ್ಯೆ ಕೊಡುತ್ತದೆ, ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿದೆ.

ಪುಟ ಬರೆದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆ 1000 ಕಳೆಯದೆ ಎನ್‌ಡಿವಿಐ ತೆಗೆದವನು ಎಲ್ಲ ಆವೃತ್ತಿ ಬರೆದಿದ್ದರೂ ಉತ್ತರ ತಪ್ಪೇ. ಮತ್ತೆ ಮಾಡಿದರೆ ಅದೇ ತಪ್ಪು ಅಚ್ಚುಕಟ್ಟಾಗಿ ಮತ್ತೆ ಬರುತ್ತದೆ. ಆದರೆ ಓದಿದವರು 04.00 ಎಂಬುದನ್ನು ಕಂಡ ಕೂಡಲೇ ಎಲ್ಲಿ ಎಡವಿದ್ದು ಎಂದು ಬೆರಳಿಟ್ಟು ತೋರಿಸಬಲ್ಲರು.

ಅಧ್ಯಾಪಕರಲ್ಲಿ ಎರಡು ಮಾತು. ಈ ಪುಟಕ್ಕೆ ಅಂಕ ಇಡಬೇಡಿ. ಇಟ್ಟರೆ ಒಂದೇ ಪುಟ ಇಡೀ ತರಗತಿಗೆ ನಕಲಾಗುತ್ತದೆ. ಬದಲಿಗೆ ವೈವಾದ ದಿನ ವರದಿಯ ಯಾವುದಾದರೂ ಒಂದು ಕೋಷ್ಟಕಕ್ಕೆ ಬೆರಳಿಟ್ಟು, "ಈ ಸಂಖ್ಯೆಯನ್ನು ಈಗ ನನ್ನೆದುರು ಮತ್ತೆ ತೆಗೆದು ತೋರಿಸು" ಎನ್ನಿ. ಮೊದಲ ವರ್ಷ ತಡವರಿಸುತ್ತಾರೆ, ಮರುವರ್ಷದವರು ಆ ಪ್ರಶ್ನೆಗೆಂದೇ ಎಲ್ಲ ಬರೆದಿಟ್ಟುಕೊಂಡು ಬರುತ್ತಾರೆ. ಎರಡನೆಯದು, ರಜೆಯಲ್ಲಿ ಲ್ಯಾಬಿನ ಕಂಪ್ಯೂಟರುಗಳನ್ನು ಅಪ್‌ಡೇಟ್ ಮಾಡಿಸಿದರೆ ಏನು ಬದಲಾಯಿತು, ಯಾವ ದಿನ ಎಂದು ಬಾಗಿಲ ಹಿಂದಿನ ನೋಟಿಸಿನಲ್ಲಿ ಬರೆಸಿ. ಪ್ರಾಜೆಕ್ಟಿನ ನಡುವೆ ವರ್ಷನ್ ಬದಲಾದ ಮಕ್ಕಳು ಪಾಪ, ತಮ್ಮದೇ ತಪ್ಪೆಂದು ರಾತ್ರಿಯೆಲ್ಲ ಹುಡುಕುತ್ತಾರೆ.

ಈ ಸೆಮಿಸ್ಟರಿನ ಪ್ರಾಜೆಕ್ಟ್ ನಮೂನೆ ಇನ್ನೂ ಜೆರಾಕ್ಸಿಗೆ ಹೋಗಿಲ್ಲದಿದ್ದರೆ, ಪರಿವಿಡಿಯಲ್ಲಿ ಆಕರಸೂಚಿಯ ಮೇಲೆ "ತಂತ್ರಾಂಶ ಮತ್ತು ದತ್ತಾಂಶದ ಆವೃತ್ತಿಗಳು" ಎಂದು ಒಂದು ಸಾಲು ಸೇರಿಸಿಕೊಳ್ಳಿ. ಹೋಗಿದ್ದರೆ ಪೆನ್ನಿನಲ್ಲಿ ಬರೆದರೂ ನಡೆಯುತ್ತದೆ.

ಇಂತಿ,
ನಿಮ್ಮ ಲೆಕ್ಕ ನೋಡಿಕೊಡುವವರಲ್ಲೊಬ್ಬ